ಪಡುವಣ ಗಾಳಿಯೂ ಚಿತ್ರದುರ್ಗವೂ

ಆಷಾಢಮಾಸದ ಯಾವ ವಾರವನ್ನು ತೆಗೆದುಕೊಂಡರೂ ಚಿತ್ರದುರ್ಗದ ಹವೆಯ ನಡೆ ಹೆಚ್ಚು ಕಡಮೆ ಒಂದೇ ತೆರನಾಗಿರುವುದು. ಬೆಳಗಿನ ಜಾವದಲ್ಲಿ ಎದ್ದು ನೋಡಿದರೆ ಮುಗಿಲು ಕವಿದು ಕೋಟೆಯ ಬತೇರಿಗಳ ತಲೆಯ ಮೇಲೆಯೇ ಇಳಿದಂತಿರುತ್ತದೆ. ಇನ್ನೇನು ಸುರಿಯಿತೆಂದು ಅಂಗಳದಲ್ಲಿ ಹರವಿದ ಕಾಳುಕಡ್ಡಿಗಳನ್ನು ಒಳಕ್ಕೆ ತರುವಷ್ಟರಲ್ಲಿ ಬಿಸಿಲು ಹೊಳೆಯುತ್ತದೆ. ಮತ್ತೆ ಹೊರಕ್ಕೆ ಹರವಿದರೆ ನಾಲ್ಕು ಹನಿ ಬೀಳುತ್ತವೆ. ಹೆಂಚು ನೆನೆಯುವ ಮೊದಲೇ ನಿಂತುಹೋಗುತ್ತವೆ. ಮಧ್ಯಾಹ್ನ ಸೆಕೆಯೋ ಚಳಿಯೋ ಹೇಳುವಂತಿಲ್ಲ. ಬುಧವಾರದ ತುಂತುರು ಗುರುವಾರದ ಧೂಳನ್ನು ಅಡಗಿಸಲಾರದು. ವಾರದೊಳಗೆ ಇಷ್ಟು ಮಾರ್ಪಾಟುಗಳಾಗುತ್ತಿದ್ದರೂ ಮಾರ್ಪಡದೆ ಇರುವುದು ಪಡುವಣ ಗಾಳಿಯೊಂದೇ. ಅದು ಹಗಲೆನ್ನದೆ ಇರುಳೆನ್ನದೆ ಕದಗಳನ್ನು ಬಡಿಯುತ್ತ, ಬೀದಿಯ ಕಸವನ್ನು ಮೂಡಲಿಗೆ ಅಟ್ಟುತ್ತ, ಹುಡುಗರ ಗಾಳಿಪಟಗಳನ್ನು ಏರಿಸುತ್ತ ಬೀಸುತ್ತಲೇ ಇರುತ್ತದೆ.

ಹೊಸದಾಗಿ ಊರಿಗೆ ಬಂದವರು ಈ ಗಾಳಿಯನ್ನೂ ಓಡುವ ಮೋಡಗಳನ್ನೂ ಕಂಡು, ಈ ಸಲ ಮಳೆ ಚೆನ್ನಾಗಿ ಹಿಡಿಯುವಂತಿದೆ ಎನ್ನುವುದುಂಟು. ಊರವರು ನಕ್ಕು ಸುಮ್ಮನಾಗುತ್ತಾರೆ. ಗಾಳಿ ಬಲವಾದ ಮಾತ್ರಕ್ಕೆ ಮಳೆ ಬಲವಾಗಬೇಕೆಂಬ ನಿಯಮ ಈ ಸೀಮೆಯಲ್ಲಿ ಇಲ್ಲವೆಂಬುದನ್ನು ಅವರ ಹಿರಿಯರು ಕಷ್ಟಪಟ್ಟು ಕಲಿತಿದ್ದಾರೆ. ಈ ಊರಿನ ಚರಿತ್ರೆಯೆಂದರೆ ಪಾಳೆಯಗಾರರ ಮುತ್ತಿಗೆಗಳ ಕಥೆಯೆಂದೇ ನಮ್ಮಲ್ಲಿ ಎಣಿಕೆ. ಅದನ್ನು ಬರೆದವರೂ ಹಲವರು. ಗಾಳಿ ಮಳೆಗಳ ಮಾತು ಜಗುಲಿಯ ಹರಟೆಗೆ ಸಾಕು, ಇತಿಹಾಸಕ್ಕೆ ತಕ್ಕುದಲ್ಲವೆಂದು ಬಿಟ್ಟುಬಿಡುವುದು ವಾಡಿಕೆ. ಆದರೆ ೧೮೭೭ನೆಯ ಒಂದು ವರ್ಷ ಈ ಸೀಮೆಗಳಲ್ಲಿ ಮಾಡಿದಷ್ಟು ಹಾನಿಯನ್ನು ಯಾವ ಮುತ್ತಿಗೆಯೂ ಮಾಡಿರಲಾರದು. ಆದಕಾರಣ, ಹರಟೆಯ ಈ ವಿಷಯವನ್ನೇ ತುಸು ನಿಧಾನವಾಗಿ ನೋಡಬೇಕೆಂದು ಈ ಬರಹ.

ಮೊದಲು ಗಾಳಿಯ ಸ್ವಭಾವವನ್ನು ತಿಳಿಯೋಣ. ಪಡುವಣ ಸಮುದ್ರವನ್ನು ದಾಟಿ ಬರುವ ಮುಂಗಾರಿನ ಗಾಳಿ ಸಹ್ಯಾದ್ರಿಗೆ ತಾಗಿದೊಡನೆ ಮೇಲಕ್ಕೆ ಏರಲೇಬೇಕಾಗುತ್ತದೆ. ಏರಿದ ಗಾಳಿ ತಣಿಯುತ್ತದೆ. ತಣಿದಾಗ ತನ್ನಲ್ಲಿರುವ ನೀರಿನ ಹಬೆಯನ್ನು ಹೊತ್ತುಕೊಂಡಿರಲಾರದೆ ಸುರಿಸಿಬಿಡುತ್ತದೆ. ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಿನಲ್ಲಿ ಸಾಮಾನ್ಯವಾಗಿ ೨,೦೦೦ ಮಿಲಿಮೀಟರಿಗೂ ಮೀರಿ ಮಳೆಯಾಗುವುದು ಇದರಿಂದಲೇ. ಹೀಗೆ ಹೊರೆಯಿಳಿಸಿದ ಗಾಳಿ ಘಟ್ಟದ ಈಚೆಗೆ ಇಳಿಯುವಾಗ ಮತ್ತೆ ಬಿಸಿಯೇರಿ ಒಣಗುತ್ತದೆ. ಆಗುಂಬೆಗೂ ಚಿತ್ರದುರ್ಗಕ್ಕೂ ನಡುವೆ ಗಾಳಿಯ ದಾರಿಯಲ್ಲಿ ಅಳೆದರೆ ನೂರು ಮೈಲಿಯಷ್ಟು ಅಂತರ. ಅಲ್ಲಿ ಒಂದು ತಿಂಗಳಿಗೆ ಬೀಳುವ ಮಳೆ ಇಲ್ಲಿ ಬೀಳಬೇಕಾದರೆ ಮೂರು ವರ್ಷಗಳು ಬೇಕು. ಏಕೆಂದರೆ ಇಲ್ಲಿ ವರ್ಷದ ಮಳೆಯೆಲ್ಲ ಸೇರಿ ಸುಮಾರು ೨೫ ಅಂಗುಲ. ಚಳ್ಳಕೆರೆ, ಹಿರಿಯೂರುಗಳ ಕಡೆಗೆ ಇನ್ನೂ ಕಡಮೆ. ಗಾಳಿ ಮಾತ್ರ ಅಲ್ಲಿಯದೇ. ಹಣವನ್ನೆಲ್ಲ ದಾರಿಯ ಊರಿನಲ್ಲಿ ಖರ್ಚುಮಾಡಿ, ಸದ್ದನ್ನು ಮಾತ್ರ ನಮ್ಮ ಮನೆಗೆ ತರುವ ನೆಂಟನ ಹಾಗೆ ಅದು ಬರುತ್ತದೆ.

ಗಾಳಿ ಇಷ್ಟು ಬಿರುಸಾಗಿರುವುದಕ್ಕೆ ಇನ್ನೊಂದು ಕಾರಣವುಂಟು. ಅದು ತಿಳಿದುಬಂದದ್ದು ಬಹಳ ಈಚೆಗೆ. ೧೯೬೬ರಲ್ಲಿ ಪಿ. ವಿ. ಜೋಸೆಫ್ ಮತ್ತು ಪಿ. ಎಲ್. ರಾಮನ್ ಎಂಬ ಭಾರತೀಯ ಹವಾಶಾಸ್ತ್ರಜ್ಞರು, ಜುಲೈ ತಿಂಗಳಿನಲ್ಲಿ ದಕ್ಷಿಣ ಭಾರತದ ಮೇಲೆ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಬಹು ವೇಗವಾದ ಪಡುವಣ ಗಾಳಿಯ ಪ್ರವಾಹವೊಂದು ಹರಿಯುತ್ತಿರುವುದನ್ನು ತೋರಿಸಿಕೊಟ್ಟರು. ೧೯೬೯ರಲ್ಲಿ ಫಿಂಡ್ಲೇಟರ್ ಎಂಬವರು ಅದೇ ಪ್ರವಾಹದ ಜಾಡನ್ನು ಆಫ್ರಿಕದ ಕೆನ್ಯಾ ದೇಶದ ಮೂಡಲ ಕರೆಯವರೆಗೂ ಹಿಡಿದರು. ಚಿತ್ರದುರ್ಗದ ಊರೇ ಸಮುದ್ರಮಟ್ಟಕ್ಕೆ ೨,೪೦೦ ಅಡಿ ಮೇಲಿದೆ. ಸುತ್ತಲಿನ ಗುಡ್ಡಗಳ ಸಾಲು ಅದಕ್ಕೂ ಎತ್ತರ. ಆಕಾಶದಲ್ಲಿ ಹರಿಯುವ ಆ ಹೊಳೆಯ ಅಡಿಯಂಚಿನಲ್ಲಿ ನಮ್ಮ ಗುಡ್ಡಗಳು ತಲೆಯೆತ್ತಿಕೊಂಡು ನಿಂತಿವೆಯೆಂದರೆ ತಪ್ಪಾಗದು. ಕಾಳಿದಾಸನ ಯಕ್ಷನು ಆಷಾಢದ ಮೋಡವನ್ನು ನಿಲ್ಲಿಸಿ ಸಂದೇಶವನ್ನು ಕೊಟ್ಟನಷ್ಟೆ. ಅವನು ರಾಮಗಿರಿಯನ್ನು ಬಿಟ್ಟು ನಮ್ಮ ಬೆಟ್ಟದ ಮೇಲೆ ನಿಂತಿದ್ದರೆ ಮೊದಲ ಮಾತು ಮುಗಿಯುವುದರೊಳಗೆ ಮೋಡ ಬಳ್ಳಾರಿಯ ಕಡೆಗೆ ದಾಟಿಹೋಗಿರುತ್ತಿತ್ತು.

ವಿದ್ವಾಂಸರಿಗೆ ಕಾರಣ ತಿಳಿಯುವುದಕ್ಕೆ ಬಹಳ ಹಿಂದೆಯೇ ಜನರು ಫಲವನ್ನು ಅರಿತಿದ್ದರು. ಊರಿಗೆ ಹತ್ತಿರವೇ ಇರುವ ಚಂದ್ರವಳ್ಳಿಯಲ್ಲಿ, ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ, ಕದಂಬ ಮಯೂರಶರ್ಮನ ಶಾಸನವಿದೆ. ಅದನ್ನು ೧೯೨೯ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಅದು ಕ್ರಿಸ್ತಶಕದ ನಾಲ್ಕನೆಯ ಶತಮಾನದ್ದೆಂದು ಎಣಿಕೆ. ತ್ರೈಕೂಟಕರು, ಆಭೀರರು, ಪಲ್ಲವರು ಮೊದಲಾದವರ ಹೆಸರುಗಳು ಅದರಲ್ಲಿ ಬರುವುದರಿಂದ ರಾಜಕೀಯ ಚರಿತ್ರೆಯನ್ನು ಬರೆಯುವವರು ಅದನ್ನು ಬಹಳವಾಗಿ ಚರ್ಚಿಸಿದ್ದಾರೆ. ಹೆಸರುಗಳ ಪಾಠದಲ್ಲಿ ಭಿನ್ನಾಭಿಪ್ರಾಯಗಳೂ ಇವೆ. ಆ ವಿವಾದ ಇಲ್ಲಿ ನಮಗೆ ಬೇಕಿಲ್ಲ. ಮೂರೇ ಸಾಲುಗಳ ಆ ಬರಹದ ಮುಖ್ಯ ವಿಷಯವಾದರೂ ಏನು? ಒಂದು ತಟಾಕ. ಅಷ್ಟು ದೇಶಗಳನ್ನು ಗೆದ್ದೆನೆಂದು ಹೇಳಿಕೊಳ್ಳುವ ಅರಸನು ಈ ಬಂಡೆಯ ಮೇಲೆ ತನ್ನ ಹೆಸರನ್ನು ಕೆತ್ತಿಸಿದುದು ಕೆರೆಯ ನೆಪದಿಂದ. ಗೆಲವುಗಳು ಕೆರೆಗೆ ವಿಶೇಷಣಗಳಾಗಿ ಬಂದಿವೆಯೇ ಹೊರತು ಕೆರೆ ಗೆಲವಿಗೆ ವಿಶೇಷಣವಾಗಿ ಬಂದಿಲ್ಲ. ಮಳೆ ಧಾರಾಳವಾಗಿ ಸುರಿಯುವ ಬನವಾಸಿಯ ಕಡೆಯ ರಾಜನಿಗೆ ಈ ಒಣನಾಡಿನಲ್ಲಿ ಯಾವುದು ಕೀರ್ತಿಯನ್ನು ತರುವುದೆಂಬುದು ಚೆನ್ನಾಗಿ ತಿಳಿದಿತ್ತೆಂದು ತೋರುತ್ತದೆ.

ಕೋಟೆಯ ಮೇಲಣ ಹೊಂಡಗಳನ್ನು ನೋಡಿದವರಿಗೂ ಇದೇ ಮಾತು ಹೊಳೆಯುವುದು. ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಇಳಿಯುತ್ತದೆ. ಅದು ತುಂಬಿದರೆ ಅಕ್ಕತಂಗಿಯರ ಹೊಂಡಕ್ಕೆ. ಅಲ್ಲಿಂದ ಕೆಳಗೆ ಸಿಹಿನೀರಿನ ಹೊಂಡಕ್ಕೆ. ಕಡೆಗೆ ಊರೊಳಗಿನ ಸಂತೆಹೊಂಡಕ್ಕೆ. ಒಂದು ಹನಿಯೂ ಪೋಲಾಗದಂತೆ ಮೇಲಿನಿಂದ ಕೆಳಕ್ಕೆ ಪಾತ್ರೆಯಿಂದ ಪಾತ್ರೆಗೆ ಬಗ್ಗಿಸಿದಂತೆ ಈ ಏರ್ಪಾಟು. ಏಳುಸುತ್ತಿನ ಗೋಡೆಗಳು ಶತ್ರುವಿಗಾಗಿ ಕಟ್ಟಿದವು. ಈ ಹೊಂಡಗಳನ್ನು ಕಟ್ಟಿಸಿದುದು ಗಾಳಿ. ಇವುಗಳನ್ನು ಯೋಜಿಸಿದವರು ವರ್ಷಕ್ಕೆ ಕೆಲವೇ ದಿನ ಬೀಳುವ ಜೋರು ಮಳೆಯನ್ನು ನಂಬಿದರಲ್ಲದೆ ತಿಂಗಳುಗಟ್ಟಲೆ ಹಾರಾಡುವ ಮೋಡವನ್ನು ನಂಬಲಿಲ್ಲ.

ಮಳೆಯನ್ನು ಮುಂದಾಗಿ ತಿಳಿಯುವ ಯತ್ನವೂ ನಮ್ಮಲ್ಲಿ ಹಳೆಯದು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮೇಘದ ಗರ್ಭಲಕ್ಷಣವನ್ನು ಹೇಳಿ, ಗರ್ಭ ನಿಂತ ೧೯೫ ದಿನಗಳಿಗೆ ಮಳೆಯಾಗುವುದೆಂದು ಲೆಕ್ಕ ಕೊಟ್ಟಿದ್ದಾನೆ. ಆಷಾಢದ ಹುಣ್ಣಿಮೆಯ ದಿನ ಗಾಳಿ ಎಂಟು ದಿಕ್ಕುಗಳಲ್ಲಿ ಯಾವ ಕಡೆಯಿಂದ ಬೀಸುವುದೆಂಬುದರ ಮೇಲೆ ವರ್ಷಫಲವನ್ನು ಹೇಳುವ ಅಧ್ಯಾಯವೂ ಅಲ್ಲಿದೆ. ಕನ್ನಡದಲ್ಲಿ ಸುಮಾರು ೧೩೦೦ರ ಹೊತ್ತಿಗೆ ರಟ್ಟಕವಿಯೆಂಬ ಜೈನನು ಮಳೆ, ಮಿಂಚು, ಭೂಕಂಪ ಮೊದಲಾದ ನಿಸರ್ಗದ ಲಕ್ಷಣಗಳನ್ನೇ ವಿಷಯವಾಗಿಟ್ಟುಕೊಂಡು ರಟ್ಟಮತವೆಂಬ ಗ್ರಂಥವನ್ನು ರಚಿಸಿದನು. ನಮ್ಮ ಪ್ರಾಚೀನ ಕವಿಗಳಲ್ಲಿ ವಸಂತದ ತೆಂಗಾಳಿಯನ್ನು ವರ್ಣಿಸಿದವರು ಲೆಕ್ಕವಿಲ್ಲದಷ್ಟು. ರೈತನಿಗೆ ಬೇಕಾದ ಗಾಳಿಯನ್ನು ಕುರಿತು ಒಂದು ಗ್ರಂಥವನ್ನೇ ಮೀಸಲಿಟ್ಟವರು ತೀರ ವಿರಳ. ಆ ಕಾರಣಕ್ಕಾದರೂ ರಟ್ಟಕವಿಗೆ ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಇನ್ನೂ ನಾಲ್ಕು ಸಾಲು ಹೆಚ್ಚಾಗಿ ಸಲ್ಲಬೇಕಾಗಿತ್ತು.

ಪಂಡಿತರ ಗ್ರಂಥಗಳಿಗಿಂತ ಹೊಲದಲ್ಲಿ ಬಳಕೆಗೆ ಬಂದುದು ಮಳೆನಕ್ಷತ್ರಗಳ ಎಣಿಕೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನಗಳಿರುವನು; ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಜೂನ್ ಮೊದಲ ವಾರ ಕಳೆದಾಗ ಮೃಗಶಿರೆ, ಮೂರನೆಯ ವಾರದ ಕೊನೆಗೆ ಆರಿದ್ರೆ, ಜುಲೈ ಮೊದಲಿಗೆ ಪುನರ್ವಸು, ಬಳಿಕ ಪುಷ್ಯ, ಆಶ್ಲೇಷೆ, ಮಘೆ, ಹುಬ್ಬೆ. ಇವು ತಿಂಗಳಿಗಿಂತ ಸಣ್ಣ ಅಳತೆಗಳಾದುದರಿಂದ ಬೇಸಾಯದ ಕೆಲಸಕ್ಕೆ ಬಹಳ ಒಪ್ಪುತ್ತವೆ. ಆರಿದ್ರೆ ಮಳೆ ಆರದೆ ಹುಯ್ಯುತ್ತದೆಂಬ ಗಾದೆ ನಾಡಿಗೆಲ್ಲ ಸಾಮಾನ್ಯವಾದುದು. ಆದರೆ ಅದು ಹುಟ್ಟಿದುದು ಮಲೆನಾಡಿನ ಮಡಿಲಲ್ಲಿರಬೇಕೆಂದು ನನ್ನ ಊಹೆ. ಇಲ್ಲಿ ಆರಿದ್ರೆಯಲ್ಲಿ ಆರದೆ ಇರುವುದು ಗಾಳಿ. ಆರಿಹೋಗುವುದು ನೆಲದ ಹಸಿ. ಎರೆಯ ನೆಲವಾದರೆ ಒಂದು ಹದಮಳೆಯ ತೇವವನ್ನು ಕೆಲವು ಕಾಲ ಹಿಡಿದಿಟ್ಟುಕೊಳ್ಳುವುದು. ಕೆಂಪು ಮಸಾರಿಯ ಹೊಲದಲ್ಲಿ ಬಿತ್ತಿದ ಮೇಲೆ ಎಂಟು ದಿನ ಈ ಗಾಳಿ ಬೀಸಿದರೆ ಮೊಳಕೆಯ ಬುಡ ಒಣಗುತ್ತದೆ. ಮಳೆ ಬಾರದಿರುವುದು ಒಂದು ಕಷ್ಟ. ಬಂದ ಅಷ್ಟಿಷ್ಟನ್ನೂ ಗಾಳಿ ಕುಡಿದುಹೋಗುವುದು ಅದರ ಮೇಲಿನ ಕಷ್ಟ.

ಗಾಳಿ ಬಂದಾಗ ತೂರಿಕೊಳ್ಳಬೇಕೆಂದು ನಾವೆಲ್ಲ ಆಡುತ್ತೇವೆ. ಈ ಸೀಮೆಯ ಒಕ್ಕಲಿಗನಿಗೆ ಆ ಗಾದೆಯಲ್ಲಿ ಒಂದು ವ್ಯಂಗ್ಯ ಕಾಣಿಸಬೇಕು. ಗಾಳಿ ಕಿತ್ತೆಸೆಯುವಂತೆ ಬೀಸುವ ಆಷಾಢದಲ್ಲಿ ತೂರುವುದಕ್ಕೆ ಕಣದಲ್ಲಿ ಏನೂ ಇರುವುದಿಲ್ಲ. ಒಕ್ಕಿದ ರಾಶಿ ಕಣದಲ್ಲಿರುವ ಸುಗ್ಗಿಯ ಕಾಲದಲ್ಲಿ ಮೊರವನ್ನು ಎತ್ತಿ ಹಿಡಿದುಕೊಂಡು ಗಾಳಿಗಾಗಿ ಕಾಯಬೇಕಾಗುತ್ತದೆ.

ಇನ್ನು ೧೮೭೬ರ ಮಾತಿಗೆ ಬರೋಣ. ಅದಕ್ಕೆ ಹಿಂದಿನ ವರ್ಷವೇ ಮಳೆ ಸಾಲದೆ ಹೋಗಿತ್ತು. ೧೮೭೬ರಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟವು. ೧೮೭೭ರ ಮುಂಗಾರಿನಲ್ಲಿಯೂ ಬಹುಕಾಲ ಆಕಾಶ ಒಣಗಿಯೇ ಇದ್ದಿತು. ಮೈಸೂರು ಸಂಸ್ಥಾನದಲ್ಲಿ ೧೮೭೧ರ ಜನಗಣತಿಯ ಪ್ರಕಾರ ೫೦,೫೫,೪೧೨ ಜನರಿದ್ದರು. ೧೮೮೧ರ ಗಣತಿಯಲ್ಲಿ ೪೧,೮೬,೧೮೮ ಜನ. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದ ಜನಸಂಖ್ಯೆಯಲ್ಲಿ ಎಂಟೂವರೆ ಲಕ್ಷಕ್ಕೂ ಮೀರಿ ಕುಗ್ಗಿತು. ಹುಟ್ಟದೆ ಹೋದ ಮಕ್ಕಳ ಲೆಕ್ಕ ಇದರಲ್ಲಿಲ್ಲ. ಚಿತ್ರದುರ್ಗದ ಜಿಲ್ಲೆಗೆ ಆಗ ರೈಲುಮಾರ್ಗವಿರಲಿಲ್ಲ. ಹೊರಗಿನ ಕಾಳು ಬರಬೇಕಾದರೆ ಎತ್ತಿನ ಗಾಡಿಯಲ್ಲಿ ಬರಬೇಕು. ಎತ್ತುಗಳಿಗೆ ದಾರಿಯಲ್ಲಿ ಮೇವಿಲ್ಲ, ನೀರಿಲ್ಲ. ಈ ಕ್ಷಾಮಕ್ಕೆ ಕಾರಣವಾದ ಮಳೆಯ ಅಭಾವಕ್ಕೂ ದೂರದ ಪೆಸಿಫಿಕ್ ಮಹಾಸಾಗರದ ನೀರು ಆ ವರ್ಷಗಳಲ್ಲಿ ಬಹಳವಾಗಿ ಬಿಸಿಯೇರಿದುದಕ್ಕೂ ಸಂಬಂಧವಿತ್ತೆಂದು ಇಂದು ಹವಾಶಾಸ್ತ್ರಜ್ಞರು ಹೇಳುತ್ತಾರೆ. ಅಂದು ಅದನ್ನು ಬಲ್ಲವರು ಜಗತ್ತಿನಲ್ಲಿಯೇ ಇರಲಿಲ್ಲ. ಆದರೆ ಸಾವಿಗೆಲ್ಲ ಸಾಗರವನ್ನೇ ಹೊಣೆಮಾಡುವುದು ನ್ಯಾಯವಲ್ಲ. ಮಳೆ ಹೋಗುತ್ತಿದೆಯೆಂಬುದನ್ನು ತಿಂಗಳುಗಳ ಮೊದಲೇ ಅಂಕಿಗಳಲ್ಲಿ ಕಂಡು, ಎಚ್ಚೆತ್ತು, ಕಾಳನ್ನು ಸಾಗಿಸುವ ಏರ್ಪಾಟು ಸರ್ಕಾರದ ಬಳಿ ಇರಲಿಲ್ಲ. ಇದ್ದ ಅಷ್ಟಿಷ್ಟು ವರ್ತಮಾನವನ್ನು ಮೇಲಿನವರು ಬೇಗ ನಂಬಲೂ ಇಲ್ಲ.

ಭಾರತದ ಹವಾಮಾನ ಇಲಾಖೆ ೧೮೭೫ರಲ್ಲಿ, ಎಂದರೆ ಈ ಕ್ಷಾಮದ ಹೊಸ್ತಿಲಿನಲ್ಲಿಯೇ ಹುಟ್ಟಿತು. ಅದರ ಮೊದಲ ಮುಖ್ಯಾಧಿಕಾರಿ ಎಚ್. ಎಫ್. ಬ್ಲಾನ್‌ಫರ್ಡ್. ಹಿಮಾಲಯದಲ್ಲಿ ಹಿಮ ಹೆಚ್ಚಾಗಿ ಬಿದ್ದ ವರ್ಷ ಮುಂಗಾರು ಕ್ಷೀಣವಾಗುವುದೆಂಬ ಊಹೆಯ ಮೇಲೆ ಅವನು ೧೮೮೬ರಲ್ಲಿ ಇಡೀ ದೇಶಕ್ಕೆ ಮುಂಗಾರಿನ ಮುನ್ಸೂಚನೆಯನ್ನು ಕೊಟ್ಟನು. ಕ್ಷಾಮದ ಬಳಿಕ ಮಳೆಯನ್ನು ಅಳೆಯುವುದೂ ಬರೆದಿಡುವುದೂ ರಾಜ್ಯಭಾರದ ಒಂದು ಅಂಗವಾಯಿತು.

ಮೈಸೂರು ಸಂಸ್ಥಾನವು ಈ ವಿಷಯದಲ್ಲಿ ಹಿಂದೆ ಬೀಳಲಿಲ್ಲ. ಶೇಷಾದ್ರಿ ಅಯ್ಯರವರು ದಿವಾನರಾಗಿದ್ದ ಕಾಲದಲ್ಲಿ ಸಂಸ್ಥಾನದೊಳಗೆ ನಾಲ್ಕು ಕಡೆ ಹವಾಪರೀಕ್ಷೆಯ ಕೇಂದ್ರಗಳು ಏರ್ಪಟ್ಟವು: ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಜಾನ್ ಕುಕ್ ಅವರು ಇವುಗಳ ಮೇಲ್ವಿಚಾರಣೆಯನ್ನು ವಹಿಸಿಕೊಂಡು, ೧೮೯೩ನೆಯ ವರ್ಷದಿಂದ ಮೊದಲುಮಾಡಿ ವರ್ಷವರ್ಷವೂ ಫಲಿತಾಂಶಗಳನ್ನು ಅಚ್ಚುಹಾಕಿಸಿದರು. ಮುಂದೆ ಎನ್. ವೆಂಕಟೇಶ ಅಯ್ಯಂಗಾರರು ಆ ಕೆಲಸವನ್ನು ನಡೆಸಿಕೊಂಡು ಬಂದರು. ಬೆಂಗಳೂರು, ಮೈಸೂರುಗಳನ್ನು ಆರಿಸಿಕೊಂಡುದು ಸಹಜವೇ. ನಾಲ್ಕನೆಯದಾಗಿ ಒಂದು ಸಣ್ಣ ಊರು ಅವುಗಳ ಸಾಲಿನಲ್ಲಿ ನಿಂತುದು ಗಮನಿಸತಕ್ಕ ಸಂಗತಿ. ಸಂಸ್ಥಾನದ ಬಡಗಣ ಒಣಸೀಮೆಯ ನಾಡಿಯನ್ನು ಹಿಡಿದು ನೋಡುವುದಕ್ಕೆ ಇದಕ್ಕಿಂತ ತಕ್ಕ ಸ್ಥಳ ದೊರೆಯುತ್ತಿರಲಿಲ್ಲ.

ಇದೇ ಕಾಲದ ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಇದೇ ಜಿಲ್ಲೆಯ ಮೊಳಕಾಲ್ಮೂರು ಸೀಮೆಯಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಅಶೋಕಶಾಸನಗಳನ್ನು ಕಂಡುಹಿಡಿದರು. ಹೀಗೆ ಒಂದೆರಡು ವರ್ಷಗಳ ಒಳಗೆ ಈ ಜಿಲ್ಲೆಯಲ್ಲಿ ಅತಿ ಹಳೆಯ ಬರಹ ಹೊರಬಿದ್ದಿತು. ಅತಿ ಹೊಸದೊಂದು ಬಗೆಯ ಬರಹ ಮೊದಲಾಯಿತು. ಮೊದಲನೆಯದರ ಕೀರ್ತಿ ಲೋಕವೆಲ್ಲ ಹಬ್ಬಿತು. ಎರಡನೆಯದರ ಹೆಸರನ್ನು ಊರಿನವರೇ ಮರೆತರು.

ಆ ಬರಹದ ರೀತಿ ಎಂಥದೆಂಬುದನ್ನು ತುಸು ವಿವರಿಸಬೇಕು. ಪರೀಕ್ಷಕನೊಬ್ಬನು ದಿನವೂ ಗೊತ್ತಾದ ವೇಳೆಗೆ ಹೋಗಿ, ಗಾಳಿ ಆಡುವಂತೆ ಪಟ್ಟಿಗಳ ಗೋಡೆಯುಳ್ಳ ಬಿಳಿಯ ಪೆಟ್ಟಿಗೆಯೊಳಗಿನ ಉಷ್ಣಮಾಪಕಗಳನ್ನು ನೋಡಿ ಬರೆಯುವನು. ಈ ಪೆಟ್ಟಿಗೆಯನ್ನು ಕಲ್ಪಿಸಿದವನು ಥಾಮಸ್ ಸ್ಟೀವನ್‌ಸನ್ ಎಂಬ ದೀಪಸ್ತಂಭಗಳ ಇಂಜಿನಿಯರು. ಕಥೆಗಾರ ಸ್ಟೀವನ್‌ಸನ್ನನ ತಂದೆ. ಬಳಿಕ ವಾಯುಭಾರಮಾಪಕದ ಪಾದರಸದ ಮಟ್ಟ, ಗಾಳಿಯ ದಿಕ್ಕನ್ನು ತೋರುವ ಬಾಣ, ಆಕಾಶದಲ್ಲಿ ಮೋಡ ಎಷ್ಟು ಪಾಲು, ರಾತ್ರಿಯಿಂದ ಬಿದ್ದ ಮಳೆ ಎಷ್ಟು ಅಂಗುಲ ಎಷ್ಟು ಸೆಂಟು. ಇವಿಷ್ಟನ್ನು ಗೆರೆ ಹಾಕಿದ ಪುಸ್ತಕದಲ್ಲಿ ತುಂಬಬೇಕು. ಹಬ್ಬವೆಂದು ಬಿಡುವಂತಿಲ್ಲ, ಜ್ವರವೆಂದು ಮಲಗುವಂತಿಲ್ಲ. ಮಳೆಯಿಲ್ಲದ ದಿನವೂ ಹೋಗಿ ನೋಡಿ ಸೊನ್ನೆಯನ್ನು ಬರೆಯಬೇಕು. ಸೊನ್ನೆಯನ್ನು ಬರೆಯುವ ಕೆಲಸವೇ ಈ ಊರಿನಲ್ಲಿ ಹೆಚ್ಚಿನದು. ಕ್ಷಾಮವನ್ನು ಮುಂದಾಗಿ ಕಾಣುವುದಕ್ಕೆ ಬೇಕಾಗುವುದೂ ಆ ಸೊನ್ನೆಗಳ ಸಾಲೇ.

ಗಾಳಿಯ ವೇಗವನ್ನು ಅಳೆಯುವ ಯಂತ್ರವನ್ನು ೧೮೪೬ರಲ್ಲಿ ಐರ್ಲೆಂಡಿನ ಆರ್ಮಾ ಎಂಬ ಊರಿನ ಖಗೋಳಜ್ಞ ರಾಬಿನ್‌ಸನ್ ಎಂಬವನು ರಚಿಸಿದನು. ಅಡ್ಡಕಡ್ಡಿಗಳ ನಾಲ್ಕು ತುದಿಗಳಿಗೆ ನಾಲ್ಕು ಅರೆಗೋಳದ ಬಟ್ಟಲುಗಳು. ಗಾಳಿಗೆ ಅವು ತಿರುಗುತ್ತವೆ. ಸುತ್ತುಗಳ ಲೆಕ್ಕ ಕೆಳಗಿನ ಮುಳ್ಳಿನಲ್ಲಿ ತೋರುತ್ತದೆ. ಬಟ್ಟಲು ಎಷ್ಟು ವೇಗವಾಗಿ ಓಡುವುದೋ ಗಾಳಿಯ ವೇಗ ಅದರ ಮೂರರಷ್ಟೆಂದು ರಾಬಿನ್‌ಸನ್ ನಂಬಿದನು. ಲೋಕವೂ ಬಹುಕಾಲ ನಂಬಿತು. ಅನಂತರದ ಪರೀಕ್ಷೆಗಳಲ್ಲಿ ಅದು ಮೂರರಷ್ಟಲ್ಲ, ವಾಡಿಕೆಯ ಯಂತ್ರಗಳಲ್ಲಿ ಎರಡೂಕಾಲರಷ್ಟಕ್ಕೆ ಹತ್ತಿರವೆಂದು ತಿಳಿದುಬಂದಿತು. ಹಳೆಯ ವರದಿಗಳಲ್ಲಿ ಗಾಳಿಯ ಅಂಕಿಗಳನ್ನು ಓದಿ, ನಮ್ಮ ಅಜ್ಜಂದಿರ ಕಾಲದಲ್ಲಿ ಗಾಳಿ ಇನ್ನೂ ಭಯಂಕರವಾಗಿತ್ತೆಂದು ತೀರ್ಮಾನಿಸುವ ಮೊದಲು ಯಾವ ಗುಣಕದಿಂದ ಅವು ಬಂದುವೆಂಬುದನ್ನು ವಿಚಾರಿಸಬೇಕು. ಶಾಸನದ ಅಕ್ಷರವನ್ನು ಓದುವವನು ಲಿಪಿಯ ಕಾಲವನ್ನು ವಿಚಾರಿಸುವಂತೆಯೇ ಇದು.

ಮಳೆಯ ಅಳತೆಯಲ್ಲಿಯೂ ಗಾಳಿಯ ಕೈವಾಡವುಂಟು. ಬಿರುಗಾಳಿಯಲ್ಲಿ ಹನಿಗಳು ಓರೆಯಾಗಿ ಹಾರಿ ಮಾಪಕದ ಬಾಯನ್ನು ತಪ್ಪಿಸಿಕೊಂಡು ಹೋಗುತ್ತವೆ. ಮಾಪಕವನ್ನು ಎತ್ತರದಲ್ಲಿಟ್ಟಷ್ಟೂ ಮಳೆ ಕಡಮೆಯಾಗಿ ಕಾಣುವುದಕ್ಕೆ ಗಾಳಿಯೇ ಕಾರಣವೆಂದು ೧೮೬೧ರಲ್ಲಿ ತೋರಿಸಿಕೊಟ್ಟವನು, ಮುಂದೆ ಅರ್ಥಶಾಸ್ತ್ರದಲ್ಲಿ ಪ್ರಸಿದ್ಧನಾದ ಜೆವನ್ಸ್. ಆದುದರಿಂದಲೇ ನಮ್ಮ ದೇಶದ ಮಳೆಮಾಪಕದ ಬಾಯನ್ನು ನೆಲದಿಂದ ಒಂದಡಿಯ ಎತ್ತರದಲ್ಲಿಯೇ ನಿಲ್ಲಿಸುತ್ತಾರೆ.

ಇಷ್ಟೆಲ್ಲ ಅಳೆದುದರಿಂದ ಬಂದ ಪ್ರಯೋಜನವೇನೆಂದು ಕೇಳುವವರುಂಟು. ಅಳತೆಯಿಂದ ಮಳೆ ಬರುವುದಿಲ್ಲ, ನಿಜ. ಆದರೆ ಎಲ್ಲಿ ಬಿದ್ದ ಮಳೆಯನ್ನು ಎಲ್ಲಿಗೆ ತರಬಹುದೆಂಬ ವಿಚಾರ ಅಳತೆಯಿಲ್ಲದೆ ಸಾಗದು. ೧೮೯೮ರಲ್ಲಿ ಮೊದಲಾಗಿ ೧೯೦೭ರಲ್ಲಿ ಮುಗಿದ ಮಾರಿಕಣಿವೆಯ ಅಣೆಕಟ್ಟು ಇದಕ್ಕೆ ನಿದರ್ಶನ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಈ ಕೆರೆಗೆ ಮಹಾರಾಣಿಯವರ ಹೆಸರಿನಿಂದ ವಾಣೀವಿಲಾಸಸಾಗರವೆಂದು ನಾಮಕರಣವಾಯಿತು. ವೇದಾವತಿ ಹುಟ್ಟುವುದು ಬಾಬಾಬುಡನ್ ಗಿರಿಗಳಲ್ಲಿ. ಪಡುವಣ ಗಾಳಿ ತನ್ನ ಹೊರೆಯನ್ನು ಇಳಿಸಿಬರುವ ಬೆಟ್ಟಗಳಲ್ಲಿ ಅವೂ ಸೇರಿವೆ. ಗಾಳಿ ಅಲ್ಲಿ ಬಿಟ್ಟುಬಂದುದನ್ನು ಹೊಳೆಯ ದಾರಿಯಿಂದ ಇಲ್ಲಿ ಹಿಡಿದುಕೊಳ್ಳುವ ಉಪಾಯ ಇದು. ಹೊಳೆಯೂ ಯಾವಾಗಲೂ ಮಾತು ನಡೆಸಲಿಲ್ಲ. ೧೯೩೩ರಲ್ಲಿ ಕೆರೆ ತುಂಬಿ ಕೋಡಿ ಬಿದ್ದಿತು. ಎರಡನೆಯ ಸಲ ಕೋಡಿ ಬಿದ್ದುದು ೨೦೨೨ರಲ್ಲಿ, ಎಂದರೆ ೮೯ ವರ್ಷಗಳ ಮೇಲೆ. ಮೊದಲ ಕೋಡಿಯನ್ನು ಕಂಡ ಮಕ್ಕಳಲ್ಲಿ ಎರಡನೆಯದನ್ನೂ ಕಾಣುವ ಭಾಗ್ಯ ಎಷ್ಟು ಜನಕ್ಕೆ ಒದಗಿತ್ತು! ಆ ಸಲ ತುಂಬುವುದಕ್ಕೆ ಜಿಲ್ಲೆಯ ಒಳ್ಳೆಯ ಮಳೆಯ ಜೊತೆಗೆ, ಭದ್ರೆಯಿಂದ ಎತ್ತಿ ಕಾಲುವೆಯಲ್ಲಿ ತಂದ ನೀರೂ ನೆರವಾಗಿತ್ತು. ಭದ್ರೆಯ ನೀರೆಂದರೆ ಘಟ್ಟದಲ್ಲಿ ಇ‌ದೇ ಗಾಳಿ ಸುರಿಸಿದ ಮಳೆಯಲ್ಲದೆ ಬೇರೇನು? ಚಂದ್ರವಳ್ಳಿಯ ತಟಾಕದಿಂದ ಭದ್ರೆಯ ಮೇಲ್ದಂಡೆಯ ಕಾಲುವೆಯವರೆಗೆ ಈ ಸೀಮೆಯ ಜನ ಮಾಡಿಕೊಂಡು ಬಂದಿರುವುದು ಒಂದೇ ವ್ಯಾಜ್ಯ: ಗಾಳಿಯಿಂದ ನಮಗೆ ಸಲ್ಲಬೇಕಾದುದನ್ನು ಬೇರೆ ದಾರಿಯಿಂದ ವಸೂಲು ಮಾಡುವುದು.

ಈಚಿನ ಕೆಲವು ದಶಕಗಳಲ್ಲಿ ಗಾಳಿಯನ್ನೇ ನೇರವಾಗಿ ದುಡಿಸಿಕೊಳ್ಳುವ ದಾರಿಯೂ ತೆರೆದಿದೆ. ಜೋಗಿಮಟ್ಟಿಯ ಸಾಲಿನಲ್ಲಿಯೂ ಸುತ್ತಣ ಗುಡ್ಡಗಳ ಮೇಲೆಯೂ ಬಿಳಿಯ ಕಂಬಗಳು ನಿಂತು ಮೂರು ರೆಕ್ಕೆಗಳಿಂದ ವಿದ್ಯುತ್ತನ್ನು ಹುಟ್ಟಿಸುತ್ತಿವೆ. ರೈತನು ಮುಗಿಲನ್ನು ನೋಡಿ ಬೈಯುವ ಆಷಾಢ ಶ್ರಾವಣಗಳೇ ಈ ಯಂತ್ರಗಳಿಗೆ ಸುಗ್ಗಿ. ಒಣ ಗಾಳಿಗೂ ಬೆಲೆ ಬಂದಿತೆಂದು ಸಂತೋಷಪಡಬೇಕಾದುದೇ. ಆದರೆ ಆ ಬೆಲೆ ಗುಡ್ಡದ ಅಡಿಯ ಹೊಲದವನ ಕೈಗೆ ಎಷ್ಟು ಸೇರುವುದೆಂಬ ಪ್ರಶ್ನೆಯನ್ನೂ ಯಾರಾದರೂ ಕೇಳಬೇಕು. ಗುಡ್ಡಗಳ ಮೇಲೆ ದಾರಿ ಕಡಿದು ಕಾಡನ್ನು ತೆರವು ಮಾಡಿದ ಲೆಕ್ಕವೂ ಬೇರೆ ಇದೆ.

ನಮ್ಮ ಜಿಲ್ಲೆಯ ಶಾಸನಗಳೆಲ್ಲ ೧೯೦೩ರಲ್ಲಿಯೇ ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟವಾಗಿ ಅಚ್ಚಾದುವು. ಅವುಗಳಲ್ಲಿ ಕೆರೆ ಕಟ್ಟಿಸಿದ, ತೂಬು ಇಡಿಸಿದ, ಕೆರೆಗೆ ಗದ್ದೆ ಬಿಟ್ಟ ಮಾತುಗಳನ್ನು ಓದಿ ನಾವು ಹೆಮ್ಮೆಪಡುತ್ತೇವೆ. ಆ ಕೆರೆಗಳಿಗೆ ನೀರು ಬಂದಿತೇ, ಯಾವ ವರ್ಷ ಬಂದಿತು, ಯಾವ ವರ್ಷ ಬರಲಿಲ್ಲ ಎಂಬುದನ್ನು ಕಲ್ಲು ಹೇಳುವುದಿಲ್ಲ. ತಾಲ್ಲೂಕು ಕಚೇರಿಯ ಅಂಗಳದ ಮಳೆಮಾಪಕದ ಪುಸ್ತಕ ಅದನ್ನು ಹೇಳುತ್ತದೆ. ಮಳೆಯನ್ನು ಅಳೆದು ಬರೆದ ಗುಮಾಸ್ತೆಯ ಹೆಸರು ಯಾವ ಚರಿತ್ರೆಯಲ್ಲಿಯೂ ಬರಲಾರದು. ಅವನ ಸಂಬಳವೂ ಅಲ್ಪವೇ ಇದ್ದಿರಬೇಕು. ಆದರೂ ಅವನ ಒಂದು ಸಾಲಿನಲ್ಲಿ ಪ್ರಶಸ್ತಿಯ ಉತ್ಪ್ರೇಕ್ಷೆ ಇಲ್ಲ. ಇಂಥ ಪುಸ್ತಕಗಳು ಎಲ್ಲಿ ಉಳಿದಿದ್ದರೂ, ಗೆದ್ದಲಿಗೂ ತೂಕದ ವ್ಯಾಪಾರಿಗೂ ಸಿಕ್ಕುವ ಮೊದಲು, ತಾಮ್ರಶಾಸನವನ್ನು ಕಾಪಾಡುವಷ್ಟೇ ಶ್ರದ್ಧೆಯಿಂದ ಅವನ್ನು ಕಾಪಾಡಬೇಕಾದುದು ಜಿಲ್ಲೆಯ ವಿದ್ಯಾವಂತರ ಕರ್ತವ್ಯ. ಮನೆಯಲ್ಲಿ ಹಿರಿಯರು ಪಂಚಾಂಗದ ಅಂಚಿನಲ್ಲಿ ಮಳೆ ಬಂದ ದಿನಗಳನ್ನು ಗುರುತುಹಾಕಿದ್ದರೆ ಅವೂ ಬಿಸಾಡತಕ್ಕವಲ್ಲ.

ಮಘೆ, ಹುಬ್ಬೆಗಳು ಕಳೆದು ಉತ್ತರೆ ಹುಟ್ಟುವ ವೇಳೆಗೆ, ಎಂದರೆ ಸೆಪ್ಟೆಂಬರಿನ ನಡುವಿಗೆ, ಗಾಳಿಯ ಸೊಕ್ಕು ಇಳಿಯುತ್ತದೆ. ದಿಕ್ಕು ತೋರುವ ಬಾಣ ಕೆಲವು ದಿನ ಪಡುವಲಿಗೂ ಬಡಗಲಿಗೂ ತಡವರಿಸಿ, ಹಸ್ತ ಚಿತ್ತೆಗಳಲ್ಲಿ ಮೆಲ್ಲನೆ ಮೂಡಲಿಗೆ ತಿರುಗುತ್ತದೆ. ವೇಗಮಾಪಕದ ಬಟ್ಟಲುಗಳು ಅರೆನಿದ್ದೆಯಲ್ಲಿರುವಂತೆ ಸುತ್ತುತ್ತವೆ. ಮಧ್ಯಾಹ್ನದ ಸೆಕೆ ಬಲಿತು, ಸಂಜೆಗೆ ಮೂಡಣ ದಿಕ್ಕಿನಲ್ಲಿ ಮೋಡ ಕಟ್ಟಿ, ಗುಡುಗಿ, ರಾತ್ರಿ ಒಂದೇ ಸಮನೆ ಸುರಿಯುತ್ತದೆ. ಜುಲೈ ತಿಂಗಳಿನ ಮಳೆಯನ್ನು ಮೀರಿಸುವ ಮಳೆ ಈ ಊರಿಗೆ ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಬೀಳುವುದು ಹೀಗೆಯೇ. ಮರುದಿನ ಬೆಳಗ್ಗೆ ಬಂಡೆಗಳ ಮೇಲಿನಿಂದ ಗೋಪಾಲಸ್ವಾಮಿ ಹೊಂಡಕ್ಕೆ ನೀರು ಇಳಿಯುವ ಸದ್ದು ಕೋಟೆಯೊಳಗೆ ಕೇಳಿಸುತ್ತದೆ. ಆ ಹೊತ್ತಿನಲ್ಲಿ ಮರದ ಒಂದು ಎಲೆಯೂ ಅಲುಗುತ್ತಿರುವುದಿಲ್ಲ.